ಮಲ್ಲಪ್ಪನ ಬಿಗಿ ಕೈ

ಇಳಕಲ್ಲಿನಲ್ಲಿ ಗುಂಡಿಯೊಳಗೆ ಕಾಲಿಳಿಸಿ ಕೂರುವ ಕುಣಿಮಗ್ಗದಲ್ಲಿ ಹತ್ತು ವರ್ಷ ಸೀರೆ ನೇಯ್ದ ಮಲ್ಲಪ್ಪನಿಗೆ, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ನಿಮ್ಮ ನೇಯ್ಗೆ ತಪ್ಪು ಎಂದು ಹೇಳಿದವಳು ಬಿರ್ಗಿಟ್. ಆಕೆ ಸ್ವೀಡನ್ನಿನವಳು. ಮಲ್ಲಪ್ಪ ವಲಸೆ ಬಂದು ನೆಲೆಸಿದ್ದ ಇಂಗ್ಲಿಷ್ ಊರು ಗ್ರೀನ್‌ಫರ್ಡಿನ ಕೌನ್ಸಿಲ್ ಹಾಲಿನಲ್ಲಿ, ಹಳೆಯ ಬಟ್ಟೆಯನ್ನು ಉದ್ದುದ್ದ ಪಟ್ಟಿಗಳಾಗಿ ಹರಿದು ಜಮಖಾನೆ ನೇಯುವ ತನ್ನೂರಿನ ವಿದ್ಯೆ ಕಲಿಸುತ್ತಿದ್ದಳು.

ಅದು ೧೯೯೭. ಮಲ್ಲಪ್ಪ ದುಡಿಯುತ್ತಿದ್ದ ಗೋದಾಮು ಮುಚ್ಚಿ ಎಂಟು ತಿಂಗಳಾಗಿತ್ತು. ಬಿರ್ಗಿಟ್ ಬೇಸಿಗೆಯಲ್ಲಿ ಊರಿಗೆ ಮರಳುವವಳಿದ್ದಳು. ಕಲಿಸುವ ತನ್ನ ಕೆಲಸಕ್ಕೆ ಕೌನ್ಸಿಲ್‌ನವರ ಬಳಿ ಮಲ್ಲಪ್ಪನ ಹೆಸರು ಹೇಳುವುದಾಗಿಯೂ ಮಾತು ಕೊಟ್ಟಿದ್ದಳು. ಷರತ್ತು ಒಂದೇ: ಶುಕ್ರವಾರದೊಳಗೆ ಅಂಚು ನೆಟ್ಟಗಿರುವ ಎರಡು ಗಜದ ಜಮಖಾನೆ.

ಸೀರೆಯಲ್ಲಿ ಲಾಳಿ ದಾಟಿದೊಡನೆ ಎಳೆಯನ್ನು ತುಸು ಜಗ್ಗಬೇಕು. ಅಂಚು ಚೆಂದ ಕೂರುತ್ತದೆ. ದಪ್ಪ ಬಟ್ಟೆಪಟ್ಟಿಯನ್ನು ಹಾಗೆ ಜಗ್ಗಿದರೆ ಎರಡೂ ಅಂಚು ಒಳಗೆ ಸರಿಯುತ್ತವೆ. ಪಟ್ಟಿಯನ್ನು ಸಡಿಲವಾಗಿ ಕಮಾನಿನಂತೆ ಬಾಗಿಸಿಟ್ಟು, ಆಮೇಲೆ ಎಳೆ ಒತ್ತುವ ಹಣಿಗೆಯಿಂದ ಜೋರಾಗಿ ಬಡಿಯಬೇಕು. ಬಿರ್ಗಿಟ್ ಇದನ್ನು ಇಪ್ಪತ್ತು ಸಲ ಹೇಳಿದ್ದಳು. ಮಲ್ಲಪ್ಪನ ಬೆರಳು ಇಪ್ಪತ್ತು ಸಲವೂ ಜಗ್ಗಿತ್ತು.

ಬುಧವಾರ ಬುತ್ತಿ ತಂದ ಹೆಂಡತಿ ಕಾಶವ್ವ ಮಗ್ಗದ ಮುಂದೆ ನಿಂತು ನೋಡಿದಳು.

"ಶುರುವಿಗೆ ಇಷ್ಟಗಲ, ಇಲ್ಲಿ ಬರೂದ್ರಾಗ ಇಷ್ಟ. ಏನ್ರೀ, ಚಡ್ಡಿ ನೇಯಾಕತ್ತೀರೇನು?"

"ಸುಮ್ನ ಕೂಡ್ರ. ಆಕಿ ಸಡಿಲ ಬಿಡು ಅಂತಾಳ. ಸಡಿಲ ಬಿಟ್ರ ಅದು ಜೋಳಿಗಿ ಆಗ್ತದ."

"ಆಕಿದು ನೆಟ್ಟಗ ಐತಲ್ಲ."

ಪಕ್ಕದ ಮಗ್ಗದಲ್ಲಿ ಬಿರ್ಗಿಟ್‌ಳ ಜಮಖಾನೆ ಹಲಗೆಯಂತೆ ನೇರವಾಗಿತ್ತು. ಅದೇ ಮಲ್ಲಪ್ಪನಿಗೆ ತಡೆದುಕೊಳ್ಳಲಾಗದ ಸಂಗತಿ.

ಬಿರ್ಗಿಟ್ ಟೇಪು ಹಿಡಿದು ಅಳೆದಳು. ಶುರುವಿಗಿಂತ ಅಗಲ ಐದು ಇಂಚು ಕಡಿಮೆ. "ಅರ್ಧಕ್ಕೇ ಕತ್ತರಿಸೋಣ, ಚಿಕ್ಕದಾದರೂ ಅಷ್ಟು ಭಾಗ ಚೆನ್ನಾಗಿದೆ," ಎಂದಳು ಮೆಲ್ಲಗೆ.

ಆ ಮೆದುಮಾತೇ ಅವನನ್ನು ಕೆರಳಿಸಿತು. ಮೂರು ವಾರದ ನೇಯ್ಗೆಯನ್ನು ಅವನು ತುದಿಯಿಂದ ಬಿಚ್ಚತೊಡಗಿದ. ಕಾಶವ್ವ ಪಟ್ಟಿಗಳನ್ನು ಉಂಡೆ ಸುತ್ತುತ್ತ ಕುಳಿತಳು. ಬುತ್ತಿ ಆರಿಹೋಯಿತು.

ಎರಡು ದಿನ ಅವನು ಪ್ರತಿ ಪಟ್ಟಿಯನ್ನೂ ಬಾಗಿಸಿಟ್ಟು, ಜಗ್ಗಲು ಹೋಗುವ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು, ಎಡಗೈಯಿಂದ ಹಣಿಗೆ ಬಡಿದ. ಶುಕ್ರವಾರ ಸಂಜೆ ಬಿರ್ಗಿಟ್ ಮೂರು ಕಡೆ ಅಳೆದಳು. ಮೂರೂ ಕಡೆ ಇಪ್ಪತ್ತೇಳು ಇಂಚು. ಅವಳು ಕೌನ್ಸಿಲ್‌ಗೆ ಫೋನು ಮಾಡಲು ಎದ್ದಳು.

"ಕೆಲಸ ಸಿಕ್ತಲ್ಲ, ಮತ್ಯಾಕ ಮಾರಿ ಗಂಟ ಹಾಕೀರಿ?" ಎಂದಳು ಕಾಶವ್ವ.

"ಸರಿ ಬಂತು," ಎಂದ ಮಲ್ಲಪ್ಪ, ಅಂಚಿನ ಮೇಲೆ ಬೆರಳಾಡಿಸುತ್ತ. "ಆದ್ರ ಇದನ್ನ ನೇಯ್ದಾಂವ ನಾನಲ್ಲ ಅನಸ್ತದ."