ಮೊದಲು ಬಂದವಳು

ಆಕೈ ಎಂಬ ನಮ್ಮಪ್ಪನನ್ನು ಕ್ರೈಸ್ತ ಸಭೆಯ ಹಿರಿಯ, ದೈವಭಕ್ತ ಎಂದು ಊರೆಲ್ಲ ಹೊಗಳುತ್ತದೆ. ಹೊಗಳಲಿ. ದೊಡ್ಡಮ್ಮ ಆನ್ಯಿಮಾಳಿಗೆ ಅವನು ಮಾಡಿದ್ದನ್ನು ನಾನು ಮರೆತಿಲ್ಲ.

ಸಾಲ್ವೀನ್ ಹೊಳೆಯ ಮೇಲಿನ ಗುಡ್ಡದಲ್ಲಿರುವ ನಮ್ಮ ಲಿಸು ಬುಡಕಟ್ಟಿನ ಹಳ್ಳಿಗೆ ಅವಳು ಬಂದದ್ದು ಅಪ್ಪನ ಅಣ್ಣನ ಹೆಂಡತಿಯಾಗಿ. ಆಮೇಲೆ ಅಪ್ಪ ನನ್ನ ಅವ್ವ ಲಮೇಯನ್ನು ಮದುವೆಯಾದ. ಅಣ್ಣ ಜ್ವರದಲ್ಲಿ ತೀರಿಕೊಂಡಾಗ, ನಮ್ಮಲ್ಲಿ ನಡೆದು ಬಂದಂತೆ, ಅತ್ತಿಗೆಯನ್ನೂ ಅಪ್ಪನೇ ಕೈಹಿಡಿದ. ಅವಳಿಗೊಬ್ಬ ಮಗ ಹುಟ್ಟಿದ. ಒಂದೇ ಸೂರು, ಎರಡು ಒಲೆ. ಇಬ್ಬರೂ ಬೆಳಿಗ್ಗೆ ಜಗಳವಾಡಿ ಸಂಜೆ ಒಟ್ಟಿಗೆ ಮುಸುಕಿನ ಜೋಳ ಬೀಸುತ್ತಿದ್ದರು.

ಗುಡ್ಡ ಹತ್ತಿ ಬಂದ ಬಿಳಿ ಪಾದ್ರಿಯ ಮಾತಿಗೆ ಮೊದಲು ಕಿವಿಗೊಟ್ಟವಳು ದೊಡ್ಡಮ್ಮ. ದೆವ್ವಕ್ಕೆ ಎಡೆ ಇಡುವ ಹಲಗೆಯನ್ನು ಅವಳೇ ಕಿತ್ತು ಒಲೆಗೆ ಹಾಕಿದಳು. ಅಪ್ಪನ ಕುಡಿತ ಬಿಡಿಸಿದಳು. ಅವನು ಕ್ರೈಸ್ತನಾಗುವ ದೀಕ್ಷಾಸ್ನಾನಕ್ಕೆ ದಿನ ಗೊತ್ತಾದಾಗ ಪಾದ್ರಿ ಮನೆಗೇ ಬಂದ.

"ಇಬ್ಬರು ಹೆಂಡಿರು ಇರೋ ಹಾಗಿಲ್ಲ, ಆಕೈ. ಮೊದಲನೇಳು ಇರಲಿ, ಇನ್ನೊಬ್ಬಳನ್ನ ಕಳಿಸು. ಈ ಮನೆಗೆ ಮೊದಲು ಬಂದೋಳು ಯಾರು?"

"ಆನ್ಯಿಮಾ," ಎಂದ ಅಪ್ಪ. ಸುಳ್ಳೇನಲ್ಲ. ನಮ್ಮವರ ಲೆಕ್ಕವೇ ಹಾಗೆ, ಹೊಸಿಲು ಮೊದಲು ದಾಟಿದವಳೇ ಹಿರಿಯವಳು.

ಪಾದ್ರಿ ನನ್ನ ಅವ್ವನ ಕಡೆ ತಿರುಗಿ, "ಹಾಗಾದ್ರೆ ನೀನು ತವರಿಗೆ ಹೋಗಮ್ಮ" ಎಂದ. ಅವ್ವನಿಗೆ ತವರಲ್ಲಿ ಯಾರೂ ಉಳಿದಿರಲಿಲ್ಲ. ಮೊಲೆಗೆ ಕಚ್ಚಿಕೊಂಡು ನಾನಿದ್ದೆ. ಅಪ್ಪ ನೆಲ ನೋಡುತ್ತ ಕೂತ, ಹೇಡಿ.

ದೊಡ್ಡಮ್ಮ ಸುಮ್ಮನಿದ್ದಿದ್ದರೆ ಸಾಕಿತ್ತು, ಮನೆ ಅವಳದಾಗುತ್ತಿತ್ತು.

"ನೀವು ತಪ್ಪು ತಿಳ್ಕೊಂಡ್ರಿ, ಗುರುಗಳೇ. ನಾನು ಬಂದಿದ್ದು ಇವನ ಅಣ್ಣನಿಗೆ. ಇವನಿಗೆ ಮೊದಲನೇಳು ಲಮೇನೇ. ನಾನು ಆಮೇಲಿನೋಳು."

ಪಾದ್ರಿ ಅವಳ ಸತ್ಯವನ್ನು ಬಾಯ್ತುಂಬ ಮೆಚ್ಚಿದ. ಮೆಚ್ಚಿ, ಹೊರಗೆ ಕಳಿಸಿದ. ಮಗ ಅಪ್ಪನ ಕುಲದವನೆಂದು ನಮ್ಮಲ್ಲೇ ಉಳಿದ. ಅವಳ ತವರಿನವರು, "ದೆವ್ವಕ್ಕೊಂದು ಕೋಳಿ ಕುಯ್ಯಿ, ಆಮೇಲೆ ಒಳಗೆ ಬಾ" ಎಂದರು. ಅವಳು ಕುಯ್ಯಲಿಲ್ಲ. ಹೊಲದ ಕಾವಲು ಗುಡಿಸಲಲ್ಲಿ ಒಬ್ಬಳೇ ಬದುಕಿದಳು. ಅವ್ವ ಕದ್ದುಮುಚ್ಚಿ ಹಿಟ್ಟು ಒಯ್ಯುತ್ತಿದ್ದಳು. ಅಪ್ಪ ಕಂಡೂ ಕಾಣದಂತೆ ಇರುತ್ತಿದ್ದ, ಅಷ್ಟೇ ಆ ಮಹಾನುಭಾವನ ದೊಡ್ಡತನ.

ಮರುವರ್ಷ ಅವ್ವ ಅಲ್ಲಿದ್ದಾಗಲೇ ಪಾದ್ರಿ ಗುಡಿಸಲಿಗೆ ಬಂದ.

"ಈಗ ನಿನಗೂ ದೀಕ್ಷಾಸ್ನಾನ ಕೊಡಬಹುದು, ಆನ್ಯಿಮಾ. ಅಡ್ಡಿ ಏನೂ ಉಳಿದಿಲ್ಲ."

"ಒಂದು ಕೇಳ್ತೀನಿ, ಗುರುಗಳೇ. ಅವತ್ತು ನಾನು ಬಾಯಿ ಮುಚ್ಕೊಂಡು ಮನೇಲೇ ಉಳಿದು, ಆಮೇಲೆ ಅತ್ತು ಬೇಡ್ಕೊಂಡಿದ್ರೆ ದೇವರು ಕ್ಷಮಿಸ್ತಿದ್ನಾ?"

"ಖಂಡಿತ ಕ್ಷಮಿಸ್ತಿದ್ದ, ತಾಯಿ. ಎಂಥ ಸುಳ್ಳಿಗೂ ಕ್ಷಮೆ ಉಂಟು."

"ನಿಜ ಹೇಳಿದ್ದಕ್ಕೆ ಮಾತ್ರ ಇಲ್ಲ, ಅಲ್ವಾ?" ಎಂದು ದೊಡ್ಡಮ್ಮ ಕಳೆ ಕೀಳಲು ಹೋದಳು.

ದೀಕ್ಷಾಸ್ನಾನವನ್ನು ಅವಳು ಕೊನೆಗೂ ತೆಗೆದುಕೊಳ್ಳಲಿಲ್ಲ. ಅವಳು ಸತ್ತಾಗ ಮಗ ಹೆಣ ಹೊತ್ತು ಸಭೆಯ ಸ್ಮಶಾನಕ್ಕೆ ಬಂದ. ದೀಕ್ಷೆ ಆಗದವಳಿಗೆ ಇಲ್ಲಿ ಜಾಗವಿಲ್ಲ ಎಂದು ಬಾಗಿಲಲ್ಲಿ ಅಡ್ಡ ನಿಂತವನು ನಮ್ಮಪ್ಪ.