ಯಾಕೋಬನ ಹಿರಿಮಗ

ಎಪ್ಪತ್ತರ ದಶಕದಲ್ಲಿ ಮಹದೇವಪುರದಲ್ಲಿ ನಮ್ಮ ಪಕ್ಕದ ಮನೆಯವರು ಕಾರ್ಖಾನೆಯ ಫಿಟ್ಟರ್. ದಿನಾ ಸಂಜೆ ಜಗಲಿಯಲ್ಲಿ ಕೂತು, ಗ್ರೀಸು ಹೋಗದ ಬೆರಳನ್ನು ಸಾಲಿನ ಕೆಳಗೆ ಓಡಿಸುತ್ತಾ ಬೈಬಲ್ಲಿನ ವಂಶಾವಳಿಗಳನ್ನು ಗಟ್ಟಿಯಾಗಿ ಓದೋರು. ಬೇರೆಯವರು ಹಾರಿಸಿಬಿಡುವ ಆ ಹೆಸರುಗಳೆಂದರೆ ಅವರಿಗೆ ಪ್ರಾಣ.

"ಯಾಕೋಬನ ಹಿರಿಮಗ ರೂಬೇನ ಅಪ್ಪನ ಮಾನ ಕಳೆದ, ಹಿರಿತನದ ಹಕ್ಕು ಹೋಯ್ತು. ಆದ್ರೂ ಯಾಕೋಬನ ಮಕ್ಕಳ ಪಟ್ಟೀಲಿ ಮೊದಲ ಹೆಸರು ಅವನದೇ. ಹೆಸರು ಹೊಡೆದು ಹಾಕೋಕೆ ನಾವ್ಯಾರು ಕಣ್ರೀ?" ಅನ್ನೋರು.

ಅವರ ಒಬ್ಬನೇ ಮಗ ಹಿಂದೂ ಹುಡುಗಿಯನ್ನು ರಿಜಿಸ್ಟರ್ ಮದುವೆಯಾಗಿ ಮನೆ ಬಿಟ್ಟಿದ್ದ. ಇಬ್ಬರು ತಂಗಿಯರಲ್ಲಿ ದೊಡ್ಡವಳನ್ನು ನೋಡಲು ಗಂಡಿನವರು ಬಂದ ದಿನ ಕರೆಯದಿದ್ದರೂ ಬಂದ. ಕಾಫಿಯನ್ನು ಅವನೇ ಹಂಚುತ್ತಿದ್ದ. ನಾನೂ ಅಲ್ಲೇ ಕೂತಿದ್ದೆ.

"ಎಷ್ಟು ಜನ ಮಕ್ಕಳು?" ಗಂಡಿನ ತಂದೆ ಕೇಳಿದರು.

"ಇಬ್ಬರೂ ಹೆಣ್ಣುಮಕ್ಕಳೇ," ಅಂದರು ಇವರು.

ಮಗ ನನಗೆ ಕೊಡುತ್ತಿದ್ದ ಕಾಫಿ ನನ್ನ ಪಂಚೆ ಮೇಲೆ ಚೆಲ್ಲಿತು.

"ಮತ್ತೆ ಈ ಹುಡುಗ?"

ಮಗನೇ ತಟ್ಟೆ ಮುಂದೆ ಹಿಡಿದು, "ಪಕ್ಕದ ಮನೆಯವನು ಸಾರ್. ತಗೊಳ್ಳಿ, ಆರೋಗುತ್ತೆ," ಅಂದ.

ಸಂಬಂಧ ಕುದುರಿತು. ಅವತ್ತು ಸಂಜೆಯೂ ಜಗಲಿಯಿಂದ ಅದೇ ದನಿ ಕೇಳಿಸಿತು: "ರೂಬೇನ, ಸಿಮೆಯೋನ, ಲೇವಿ, ಯೆಹೂದ..."

ಒಂದು ಹೆಸರನ್ನೂ ಬಿಡಲಿಲ್ಲ.