ಅವ್ವನ ಎಡಗೈ

ಅದು ನನ್ನ ಎರಡನೇ ಪ್ರಯತ್ನ. ಈ ಸಲವೂ ಮೆಡಿಕಲ್ ಸೀಟು ಸಿಗದಿದ್ದರೆ ಬಿಎಸ್ಸಿಗೆ ಸೇರುತ್ತೇನೆಂದು ನಾನೇ ಹೇಳಿಬಿಟ್ಟಿದ್ದೆ. ಅಪ್ಪ ಉತ್ತರದ ಈ ಹಿಂದಿ ಮಾತಿನ ಊರಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಭೇಲೂಪುರದ ನಮ್ಮ ಬಾಡಿಗೆ ಮನೆಯಲ್ಲಿ ಆ ವರ್ಷವಿಡೀ ಟಿವಿ ಹಾಕಿರಲಿಲ್ಲ.

ಪರೀಕ್ಷಾ ಕೋಣೆಯೊಳಗೆ ಲೋಹದ ವಸ್ತು ಯಾವುದೂ ಮೈಮೇಲೆ ಇರಕೂಡದು. ಹಿಂದಿನ ಸಂಜೆ ಅವ್ವ ನನ್ನ ಓಲೆ, ಮೂಗುಬೊಟ್ಟು, ಕೂದಲಿನ ಪಿನ್ನು ಎಲ್ಲ ತೆಗೆಸಿದಳು. ಕುರ್ತಾದ ಗುಂಡಿಗಳನ್ನೂ ಬದಲಿಸಿದಳು. ಕೊರಳಲ್ಲಿದ್ದ ಇಷ್ಟಲಿಂಗ ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ಚಿಕ್ಕವಳಿದ್ದಾಗ ಇಲ್ಲಿರುವ ನಮ್ಮವರ ಮಠದಲ್ಲಿ ಸ್ವಾಮಿಗಳು ದೀಕ್ಷೆ ಕೊಟ್ಟಂದಿನಿಂದ ಅದು ಬೆಳ್ಳಿಯ ಕರಡಿಗೆಯೊಳಗೆ ನನ್ನ ಎದೆಯ ಮೇಲಿದೆ. ಅದನ್ನು ನಾವು ತೊಡುವ ವಸ್ತುಗಳ ಸಾಲಿಗೆ ಸೇರಿಸಿದ್ದೇ ಇಲ್ಲ. ಹಿಂದಿನ ವರ್ಷದ ಕೇಂದ್ರದಲ್ಲಿ ಅದನ್ನು ಯಾರೂ ಕೇಳಿರಲೂ ಇಲ್ಲ.

ಗೇಟಿನಲ್ಲಿ ತಪಾಸಣೆಯ ಯಂತ್ರ ಕೂಗಿತು.

"ಈ ಕಾ ಹೌ, ಬಿಟಿಯಾ? ತಾಬೀಜ್?" ಇದೇನು, ತಾಯಿತವೇ ಎಂದು ಮಹಿಳಾ ಪೊಲೀಸ್ ಕೇಳಿದಳು.

"ಭಗವಾನ್ ಹೈ," ಎಂದೆ. ಲಿಂಗಕ್ಕೆ ಅವಳ ಭಾಷೆಯಲ್ಲಿ ಬೇರೆ ಪದ ನನಗೆ ಗೊತ್ತಿರಲಿಲ್ಲ.

"ತೋ ಭಗವಾನ್ ಕೋ ಬಾಹರ್ ಬಿಠಾವೋ. ಜಲ್ದೀ."

ಹಾಗಾದರೆ ದೇವರನ್ನು ಬೇಗ ಹೊರಗೆ ಕೂರಿಸು ಎಂದವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗೇಟು ಮುಚ್ಚುವ ಹೊತ್ತಾಗಿತ್ತು, ಅಷ್ಟೇ. ಲಿಂಗ ಮೈಮೇಲಿಲ್ಲದೆ ನೀರೂ ಕುಡಿಯಬಾರದೆಂಬುದು ನಮ್ಮ ಮನೆಯ ನೇಮ. ಇನ್ನೊಬ್ಬರ ಕೈಗೆ ಕೊಡುವ ಮಾತೇ ಇಲ್ಲ. ಹಗ್ಗದ ಆಚೆ ನಿಂತಿದ್ದ ಅವ್ವ ಬಗ್ಗಿ ಒಳಗೆ ಬಂದು, ಪೂಜೆಯಲ್ಲಿ ಲಿಂಗ ಇಟ್ಟುಕೊಳ್ಳುವ ಎಡಗೈ ಚಾಚಿದಳು.

"ಕೊಡು."

"ಅವ್ವಾ, ಹಂಗ ಕೊಡಬಾರದಲ್ಲ..."

"ನನಗ ಕಲಿಸಬ್ಯಾಡ. ನೀ ಬರೂತನಕ ಅಂಗೈಯಿಂದ ಕೆಳಗ ಇಡಂಗಿಲ್ಲ. ನಡಿ ಒಳಗ. ಅಳಕೋತ ನಿಂತ್ರ ಪೇಪರ್ ಯಾರು ಬರೀತಾರ, ನಿಮ್ಮಪ್ಪ?"

ಭೌತಶಾಸ್ತ್ರದ ಒಂದು ಪ್ರಶ್ನೆಗೆ ತಡೆದಾಗ ಕೈ ತಾನಾಗಿ ಎದೆಗೆ ಹೋಯಿತು. ಅಲ್ಲಿ ಬರೀ ಬಟ್ಟೆ. ಪ್ರಶ್ನೆಯನ್ನು ಮೊದಲಿನಿಂದ ಓದಿದೆ. ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಮುಟ್ಟಲಿಲ್ಲ.

ಹೊರಗೆ ಬಂದಾಗ ಅವ್ವ ಬೇವಿನ ಮರದಡಿ ಎಡಗೈಯನ್ನು ಎದೆಮಟ್ಟಕ್ಕೆ ಹಿಡಿದು ಕೂತಿದ್ದಳು. ತುಟಿ ಒಣಗಿತ್ತು. ಪಕ್ಕದಲ್ಲಿದ್ದ ಬಾಟಲಿಯ ಸೀಲು ಇನ್ನೂ ಒಡೆದಿರಲಿಲ್ಲ. ಅವಳ ಲಿಂಗ ಅವಳ ಕೊರಳಲ್ಲೇ ಇತ್ತು. ಅವಳು ನೀರು ಕುಡಿಯಲು ಯಾವ ಅಡ್ಡಿಯೂ ಇರಲಿಲ್ಲ. ಪೇಪರ್ ಹೇಗಿತ್ತೆಂದು ಕೇಳಲಿಲ್ಲ. ಕರಡಿಗೆಯನ್ನು ನನ್ನ ಕೊರಳಿಗೆ ಹಾಕಿ, ಆಮೇಲೆ ಬಾಟಲಿ ಕೊಟ್ಟಳು.

ಸೀಟು ಇದೇ ಊರಿನಲ್ಲಿ ಸಿಕ್ಕಿತು. ಕಾಲೇಜು ಸೇರುವ ಮುನ್ನ ಮಠಕ್ಕೆ ಹೋದೆವು. ಅವ್ವ ಗೇಟಿನ ಸಂಗತಿಯನ್ನು ಮುಚ್ಚಿಡದೆ ಹೇಳಿದಳು. ಸ್ವಾಮಿಗಳು ನನ್ನ ಕಡೆ ತಿರುಗಿದರು.

"ಅಂಥಾ ಬಿಸಿಲಾಗ ನೀರು ಕುಡೀಲಿಲ್ಲೇನವ್ವ?"

"ಇಲ್ರಿ ಅಜ್ಜಾರ."

"ಡಾಕ್ಟರ್ ಆಗಾಕಿ ನೀ! ಪೇಶಂಟಿಗೂ ಇದನ್ನ ಹೇಳ್ತಿಯೇನು?"

ಅವ್ವ ನಕ್ಕಳು. ತಾನೂ ಕುಡಿಯಲಿಲ್ಲವೆಂದು ಹೇಳಲಿಲ್ಲ. ನಾನು ಹೇಳಲು ಬಾಯಿ ತೆರೆದೆ. ಅವಳ ಎಡಗೈ ನನ್ನ ಮೊಣಕಾಲಿನ ಮೇಲೆ ಬಂದು ಕೂತು, ಮೆಲ್ಲಗೆ ಒತ್ತಿತು.